ಪಾಸಿಟಿವ್ ಅಂದರು ಡಾಕ್ಟರು

ನಮ್ಮ ನಂಜನಗೂಡು ಸೀಮೆಯಲ್ಲಿ ಎದೆನೋವು ಅನ್ನುವ ಕಾಯಿಲೆಯೇ ಇಲ್ಲ. ಎದೆ ಹಿಡಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್, ಎಡಗೈ ಸೆಳೆದರೂ ಗ್ಯಾಸ್ಟ್ರಿಕ್. ಒಂದು ಗೋಲಿ ಸೋಡಾಕ್ಕೆ ನಿಂಬೆಹುಳಿ ಹಿಂಡಿ, ಉಪ್ಪು ಹಾಕಿ ಕುಡಿಯುತ್ತೇವೆ. ತೇಗು ಬಂದರೆ ಕಾಯಿಲೆ ಹೋಯಿತು ಎಂದು ಲೆಕ್ಕ. ಸೋಡಾ ಕುಡಿದ ಮೇಲೆ ತೇಗು ಯಾರಿಗೆ ತಾನೆ ಬರುವುದಿಲ್ಲ? ಇಷ್ಟು ಸಣ್ಣ ವಿಷಯ ನನಗೆ ಹೊಳೆಯಬೇಕಾದರೆ ಎದೆ ಸೀಳಿಸಿಕೊಳ್ಳಬೇಕಾಯಿತು.

ಆ ಹೊಲಿಗೆಯ ಗುರುತು ಈಗಲೂ ಕತ್ತಿನ ಬುಡದಿಂದ ಹೊಟ್ಟೆಯ ತನಕ ಇದೆ. ಆಪರೇಷನ್ ಆಗಬೇಕಾದವರು ನಮ್ಮ ಬೀದಿಯಲ್ಲಿ ಯಾರಾದರೂ ಇದ್ದರೆ ಅವರ ಮನೆಯವರು ನನ್ನ ಹತ್ತಿರ ಕರೆತರುತ್ತಾರೆ. ನಾನು ಅಂಗಿ ಬಿಚ್ಚಿ ತೋರಿಸಿ ಧೈರ್ಯ ಹೇಳುತ್ತೇನೆ. ಅವರಿಗೆ ಹೇಳದೆ ಉಳಿಸಿಕೊಂಡ ಭಾಗ ಒಂದಿದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ನೀರಾವರಿ ಇಲಾಖೆಗೆ ಸೌಡಿಯಾಗಿ ಸೇರಿದವನು. ಸೌಡಿ ಎಂದರೆ ನಾಲೆಯ ತೂಬು ಎತ್ತಿ ಇಳಿಸಿ, ಯಾವ ಊರಿಗೆ ಯಾವತ್ತು ನೀರು ಎಂದು ನೋಡಿಕೊಳ್ಳುವವನು. ನಾಲೆ ಏರಿಯ ಮೇಲೆ ಡಾಂಬರು ಇರುವುದಿಲ್ಲ. ಜಲ್ಲಿ, ಮಣ್ಣು, ದನ ತುಳಿದ ಗುಂಡಿ. ಅದರ ಮೇಲೆ ಸೈಕಲ್ ತುಳಿಯುತ್ತಲೇ ನನ್ನ ತಲೆ ನರೆಯಿತು. ನೀರು ಬಂದರೆ ದೇವರು ಕೊಟ್ಟ ಅನ್ನುತ್ತಿದ್ದರು, ಬರದಿದ್ದರೆ ಸೌಡಿ ಕಳ್ಳ ಅನ್ನುತ್ತಿದ್ದರು. ಬದುಕಿನಲ್ಲಿ ಒಂದು ಸಲವೂ ನನಗಾಗಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆ. ಆದರೆ ಮುಂದೆ ನಾನು ಮಾಡಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ನಮ್ಮೂರಿನ ಒಂದಷ್ಟು ಯುವಕರು ಸೇರಿ ಒಂದು ಸೈಕಲ್ ಪಂದ್ಯ ಗೊತ್ತು ಮಾಡಿದರು. ನಂಜನಗೂಡಿನಿಂದ ಹೊರಟು, ಕವಲಂದೆ ದಾಟಿ, ಡಾಂಬರು ಮುಟ್ಟದೆ ಜಲ್ಲಿ ರಸ್ತೆ, ಬಂಡಿ ಜಾಡುಗಳಲ್ಲೇ ಗುಡ್ಡ ಹತ್ತಿ ಇಳಿದು ಬಿಳಿಗಿರಿರಂಗನ ಬೆಟ್ಟದ ಬುಡ ಮುಟ್ಟಬೇಕು. ಮಾರನೆಯ ದಿನ ವಾಪಸು. ಗೇರ್ ಸೈಕಲ್ ಕೂಡದು. ನಲವತ್ತೈದು ದಾಟಿದವರಿಗೆ ಬೇರೆ ವಿಭಾಗ. ಇನ್ನೊಂದು ನಿಯಮವಿತ್ತು. ಜೋಡಿಯಾಗಿಯೇ ಸೇರಬೇಕು, ದಾರಿಯಲ್ಲಿ ಒಬ್ಬ ಕೈಬಿಟ್ಟರೆ ಇನ್ನೊಬ್ಬನೂ ಲೆಕ್ಕಕ್ಕಿಲ್ಲ.

ನನ್ನ ಜೋಡಿ ಮಾದೇವ, ನನ್ನ ಹೆಂಡತಿ ಗುರುಮಲ್ಲಮ್ಮನ ತಮ್ಮ. ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯಲ್ಲಿ ಅವನಿಗೆ ಒಂದು ತುಂಡು ಬಾಳೆ ತೋಟ. ಎಲೆ ಕೊಯ್ದು ಸೈಕಲ್ ಕ್ಯಾರಿಯರಿಗೆ ಹೊರೆ ಕಟ್ಟಿ ನರಸೀಪುರದ ಹೋಟೆಲುಗಳಿಗೆ ಹಾಕುತ್ತಿದ್ದ. ಮದುವೆ ಮಾಡಿಕೊಂಡಿರಲಿಲ್ಲ. ನಮಗೂ ಮಕ್ಕಳಿಲ್ಲ. ಗುರುಮಲ್ಲಮ್ಮ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ಅವನು. ಅವಳಿಗೆ ಮಗನೂ ಅವನೇ.

ಪಂದ್ಯದ ವಿಷಯ ಹೇಳಿದಾಗ ಮಾದೇವ ಒಪ್ಪಲಿಲ್ಲ.

"ತಲೆ ಕೆಟ್ಟದಾ ಭಾವ? ಎಲೆ ಒರೆ ಏರ್ಕಂಡು ತುಳ್ದು ತುಳ್ದೇ ಮಂಡಿ ಸವ್ದೋಗದೆ."

"ಅದ್ಕೇ ಕಣ್ಲಾ. ಒರೆ ಇಲ್ದೆ ಒಂದ್ಸಲ ತುಳ್ದು ನೋಡು, ಆರ್ಕಂಡ್ ಓಯ್ತೀಯ."

ಅಡುಗೆ ಮನೆಯಿಂದ ಗುರುಮಲ್ಲಮ್ಮ, "ಓಗ್ರಪ್ಪ ಓಗಿ, ಜೋಡೆತ್ತುಗಳು. ಬರ್ವಾಗ ಆಂಗೇ ಒಂದು ನೊಗವ ತಗಬನ್ನಿ" ಅಂದಳು. ಮಾದೇವ ನಕ್ಕ. ನಕ್ಕಿದ್ದೇ ಒಪ್ಪಿಗೆ ಎಂದು ನಾನು ಹೆಸರು ಬರೆಸಿಬಿಟ್ಟೆ.

ತಯಾರಿ ಶುರುವಾಯಿತು. ಇಬ್ಬರ ಸೈಕಲ್ಲಿಗೂ ಹಿಂದಿನ ಫ್ರೀವೀಲ್ ತೆಗೆಸಿ ಹೆಚ್ಚು ಹಲ್ಲಿನದು ಹಾಕಿಸಿದೆವು. ಓಟ ಕಡಿಮೆಯಾಗುತ್ತದೆ, ಏರು ಹಗುರವಾಗುತ್ತದೆ. ಮಡ್‌ಗಾರ್ಡು, ಸ್ಟ್ಯಾಂಡು, ಚೈನ್ ಕವರು ಎಲ್ಲ ಬಿಚ್ಚಿಸಿದೆವು. ಶನಿವಾರ ಸಂಜೆ ಮಾದೇವ ನಮ್ಮ ಮನೆಗೆ ಬಂದು ಉಳಿಯುತ್ತಿದ್ದ. ಭಾನುವಾರ ಮುದ್ದೆ ಉಂಡು, ಹುರಿಗಡಲೆ ಬೆಲ್ಲ ಕಟ್ಟಿಕೊಂಡು ಕವಲಂದೆ ಕಡೆ ಹೊರಡುತ್ತಿದ್ದೆವು. ಕವಲಂದೆಯ ಆಚೆ ಕಲ್ಲು ಕ್ವಾರಿಗೆ ಹೋಗುವ ಒಂದು ಗುಡ್ಡದ ದಾರಿಯೇ ನಮ್ಮ ಗರಡಿ. ಟ್ರಾಕ್ಟರುಗಳು ಚೆಲ್ಲಿದ ಜಲ್ಲಿ ಅಲ್ಲಲ್ಲಿ ಮೊಣಕಾಲೆತ್ತರ ರಾಶಿ ಬಿದ್ದಿರುತ್ತಿತ್ತು. ಏರಿನಲ್ಲಿ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತದೆ, ಸೈಕಲ್ ಮುಂದೆ ಹೋಗುವುದಿಲ್ಲ. ಸೀಟಿನಲ್ಲಿ ಕೂತೇ ತುಳಿಯಬೇಕು. ಇಳಿಜಾರಿನಲ್ಲಿ ಮುಂದಿನ ಬ್ರೇಕು ಮುಟ್ಟಬಾರದು. ನಾನು ಹಲವು ಸಲ ಬಿದ್ದೆ.

"ಕಲ್ಲ ನೋಡುದ್ರೆ ಕಲ್ಗೇ ಓಯ್ತೀರಿ ಭಾವ. ಜಾಡ ನೋಡಿ" ಎನ್ನುತ್ತಿದ್ದ ಮಾದೇವ. ಅವನು ಎಲೆ ಹೊರೆ ಹೇರಿಕೊಂಡು ಗದ್ದೆ ಬದುವಿನ ಮೇಲೆ ಓಡಿಸಿ ಕಲಿತವನು.

ಮೂರು ನಾಲ್ಕು ವಾರ ಕಳೆದ ಮೇಲೆ ನನಗೆ ಆ ಏರಿನಲ್ಲಿ ಎದೆಯ ಮೇಲೆ ಗುಂಡುಕಲ್ಲು ಇಟ್ಟ ಹಾಗಾಗತೊಡಗಿತು. ನಿಂತರೆ ಹೋಗುತ್ತಿತ್ತು. ಹತ್ತಿದರೆ ಬರುತ್ತಿತ್ತು. ಕವಲಂದೆಯ ಅಂಗಡಿಯಲ್ಲಿ ಸೋಡಾ ಕುಡಿಯುತ್ತಿದ್ದೆ, ತೇಗುತ್ತಿದ್ದೆ. ಮಾದೇವನೇ ಅಕ್ಕನಿಗೆ ಹೇಳಿ ಸಿಕ್ಕಿಸಿದ. ಅವಳು ಹಟ ಹಿಡಿದು ಡಾಕ್ಟರ ಹತ್ತಿರ ಕಳಿಸಿದಳು. ನಮ್ಮೂರಿನ ಡಾಕ್ಟರು ಇಸಿಜಿ ತೆಗೆದು ಏನೂ ಹೇಳದೆ ಮೈಸೂರಿಗೆ ಬರೆದುಕೊಟ್ಟರು.

ಮೈಸೂರಿಗೆ ಒಬ್ಬನೇ ಹೋದೆ. ಗ್ಯಾಸ್ಟ್ರಿಕ್‌ಗೆ ಜೊತೆ ಯಾಕೆ? ಅಲ್ಲಿ ಎದೆಗೆ ವೈರು ಅಂಟಿಸಿ, ಓಡುವ ಪಟ್ಟಿಯ ಮೇಲೆ ನಿಲ್ಲಿಸಿದರು. ಅದು ಸ್ವಲ್ಪ ಸ್ವಲ್ಪವೇ ಜೋರಾಗುತ್ತದೆ, ಏರಾಗುತ್ತದೆ. ನಾನು ಅದನ್ನೂ ಪಂದ್ಯ ಅಂದುಕೊಂಡೆ. ಎದೆ ಹಿಡಿಯುತ್ತಿತ್ತು, ಹಲ್ಲು ಕಚ್ಚಿದೆ. ಮೆಷಿನ್ನಿನ ಮುಂದೆ ಕೂತಿದ್ದ ಹೆಣ್ಣುಮಗಳು, "ನಿಲ್ಲಿಸ್ಲಾ ಯಜಮಾನ್ರೇ?" ಎಂದು ಕೇಳಿದರೆ, "ಬ್ಯಾಡ ತಾಯಿ, ಇನ್ನೂ ವಸಿ ಜೋರು ಮಾಡಿ" ಅಂದೆ. ಅವಳು ನಿಲ್ಲಿಸಿಯೇ ಬಿಟ್ಟಳು.

ಹೊರಗೆ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದ ಮೇಲೆ ಒಳಗೆ ಕರೆದರು.

"ಟೆಸ್ಟ್ ಪಾಸಿಟಿವ್ ಬಂದಿದೆ" ಅಂದರು ಡಾಕ್ಟರು.

"ಬಾಳ ಸಂತೋಷ ಸಾ" ಅಂದೆ.

ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಗಲಿಲ್ಲ. "ಸಂತೋಷ ಪಡೋದಲ್ಲ ಇವರೇ. ಪಾಸಿಟಿವ್ ಅಂದ್ರೆ ಕಾಯಿಲೆ ಇದೆ ಅಂತ ಅರ್ಥ. ನಿಮ್ಮ ಹೃದಯಕ್ಕೆ ರಕ್ತ ಹೋಗೋ ನಾಳ ಕಟ್ಟಿಕೊಂಡಿದೆ." ನಾನು ಸೌಡಿ ಎಂದು ತಿಳಿದು, ನಾಲೆಯಲ್ಲಿ ಹೂಳು ತುಂಬಿದರೆ ಕೊನೆಯ ಗದ್ದೆಗೆ ನೀರು ಹೋಗುವುದಿಲ್ಲವಲ್ಲ, ಹಾಗೆ ಎಂದು ಬಿಡಿಸಿ ಹೇಳಿದರು. ಆಂಜಿಯೋಗ್ರಾಂ ಮಾಡಿಸಬೇಕು, ಅಲ್ಲಿಯವರೆಗೆ ಸೈಕಲ್ ಮುಟ್ಟಕೂಡದು ಅಂದರು. ಎದೆ ಹಿಡಿದಾಗ ನಾಲಿಗೆಯ ಕೆಳಗೆ ಇಟ್ಟುಕೊಳ್ಳಲು ಸಣ್ಣ ಮಾತ್ರೆ ಬರೆದರು. ಅವರು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ಇದನ್ನು ಓದುವವರು ಗುರುತಿಟ್ಟುಕೊಳ್ಳಬೇಕು. ನನಗೆ ಎಲ್ಲವೂ ಅರ್ಥವಾಯಿತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದೆ. ಪಕ್ಕದಲ್ಲಿ ಕೂತ ಹೆಂಗಸು ತನ್ನ ಮೊಮ್ಮಗುವಿಗೆ ಬಾಳೆಹಣ್ಣು ಸುಲಿದು ಕೊಡುತ್ತಾ ನನಗೂ ಒಂದು ಕೊಟ್ಟಳು. ತಿಂದೆ. ಇವಳಿಗೆ ಹೇಳಿಬಿಡಲೇ ಅನ್ನಿಸಿತು. ಗುರುತಿಲ್ಲದವರಿಗೆ ಹೇಳುವುದು ಸುಲಭ. ಹೇಳಲಿಲ್ಲ. ಬಾಯಿಬಿಟ್ಟು ಹೇಳಿದರೆ ಕಾಯಿಲೆ ನಿಜವಾಗಿಬಿಡುತ್ತದೆ ಎಂಬ ಭಯ. ಪಂದ್ಯದ ಆಸೆ ಬೇರೆ.

ಮನೆಯ ಜಗುಲಿಯಲ್ಲಿ ಮಾದೇವ ಸೈಕಲ್ ತಲೆಕೆಳಗು ನಿಲ್ಲಿಸಿಕೊಂಡು ಚೈನಿಗೆ ಎಣ್ಣೆ ಬಿಡುತ್ತಿದ್ದ. ಗುರುಮಲ್ಲಮ್ಮ ಬಾಗಿಲಲ್ಲಿ ನಿಂತಿದ್ದಳು.

"ಏನಂದ್ರು ಭಾವ?"

ಸುಳ್ಳು ಹೇಳಬೇಕೆಂದು ನಾನು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿರಲಿಲ್ಲ. ನಿಜವಾದ ಮಾತೇ ನಾಲಿಗೆಗೆ ಬಂತು.

"ಪಾಸಿಟಿವ್ ಅಂದ್ರು."

"ನಾನ್ ಏಳ್ಳಿಲ್ವಾ ಅಕ್ಕ? ಗ್ಯಾಸೇ ಅದು" ಅಂದ ಮಾದೇವ. ಗುರುಮಲ್ಲಮ್ಮ ಅಲ್ಲಿಂದಲೇ ದೇವಸ್ಥಾನದ ದಿಕ್ಕಿಗೆ ಕೈ ಮುಗಿದಳು. ಮಾರನೆಯ ದಿನ ನಂಜುಂಡನಿಗೆ ಹಣ್ಣುಕಾಯಿ ಮಾಡಿಸಲು ನನ್ನನ್ನೂ ಕರೆದುಕೊಂಡು ಹೋದಳು. ನಂಜುಂಡ ವೈದ್ಯರಿಗೇ ವೈದ್ಯ ಎಂದು ನಮ್ಮವರು ನಂಬಿದವರು. ಆ ವೈದ್ಯನ ಎದುರಿಗೆ ಅವಳು ಕಣ್ಣು ಮುಚ್ಚಿ ನಿಂತಿದ್ದಳು. ನಾನು ಕಣ್ಣು ತೆರೆದುಕೊಂಡು ಅವಳ ಪಕ್ಕ ನಿಂತಿದ್ದೆ.

ಅಲ್ಲಿಂದ ಮುಂದೆ ನಾನು ಒಂಟಿಯಾದೆ. ಒಂದೇ ತಟ್ಟೆಯಲ್ಲಿ ಉಂಡಂತೆ ಇದ್ದ ಮೂವರಲ್ಲಿ ನಾನೊಬ್ಬ ಬೇರೆ. ಮಾತ್ರೆಯನ್ನು ಎಲೆಅಡಿಕೆಯ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡೆ. ಗುಡ್ಡದ ಬುಡದಲ್ಲಿ ಉಚ್ಚೆಗೆಂದು ಹೊಂಗೆಮರದ ಹಿಂದೆ ಹೋಗಿ ಒಂದನ್ನು ನಾಲಿಗೆಯ ಕೆಳಗಿಟ್ಟುಕೊಂಡು ಬಂದು ಏರು ಹತ್ತುತ್ತಿದ್ದೆ. ತಲೆ ಸಿಡಿಯುತ್ತಿತ್ತು, ಎದೆ ಹಗುರವಾಗುತ್ತಿತ್ತು. "ಭಾವ, ಎಣ್ಣೆ ಕುಡ್ದ ಇಂಜಿನ್ ಆಗ್ಬುಟ್ರಲ್ಲ" ಎಂದು ಮಾದೇವ ತಮಾಷೆ ಮಾಡುತ್ತಿದ್ದ.

ಆಮೇಲೆ ಒಂದು ಭಾನುವಾರ ಅರ್ಧ ಏರಿನಲ್ಲಿ ಅವನು ಇಳಿದು ನಿಂತ. ಎಡಭುಜ ಒತ್ತಿಕೊಳ್ಳುತ್ತಿದ್ದ.

"ಏನ್ಲಾ?"

"ದವಡೆವರ್ಗೂ ಸೆಳೀತದೆ. ನಿಮ್ಗೂ ಇಂಗೇ ಆಯ್ತಿತ್ತಲ್ವಾ?"

"ಊಂ."

"ನಿಮ್ದು ಪಾಸಿಟಿವ್ ಬಂತಲ್ಲ. ಅಂಗಾರೆ ನಂದೂ ಗ್ಯಾಸೇ ಬುಡಿ."

ನನ್ನ ಟೆಸ್ಟಿನ ಮೇಲೆ ಅವನು ತನ್ನ ಜೀವವನ್ನು ಇಟ್ಟುಬಿಟ್ಟಿದ್ದ. ಆ ಹೊತ್ತಿನಲ್ಲಿ ಹೇಳಿದ್ದರೂ ಆಗುತ್ತಿತ್ತು. ನಾನು, "ಗ್ಯಾಸೇ ಕಣ್ಲಾ, ಬಾ" ಅಂದೆ. ಕವಲಂದೆಗೆ ಇಳಿದು ಸೋಡಾ ಕುಡಿಸಿದೆ. ಅವನು ತೇಗಿದ. ಇಬ್ಬರೂ ಮನೆಗೆ ಬಂದೆವು.

ಪಂದ್ಯಕ್ಕೆ ಸ್ವಲ್ಪವೇ ದಿನ ಉಳಿದಿತ್ತು. ಕೊನೆಯ ತಾಲೀಮೆಂದು ಗುಡ್ಡದ ನೆತ್ತಿಗೆ ನಿಲ್ಲದೆ ಹತ್ತಿದೆವು. ಮೇಲೆ ಹೋದ ಮೇಲೆ ಮಾದೇವ ಸೈಕಲನ್ನು ಒರಗಿಸಲೂ ಇಲ್ಲ, ಬಿಟ್ಟುಬಿಟ್ಟ. ಜಲ್ಲಿಯ ಮೇಲೆ ಕೂತ. ಮುಖ ಬೂದಿಯಾಗಿತ್ತು. ಅಂಗಿ ನೀರಿನಲ್ಲಿ ಅದ್ದಿದ ಹಾಗೆ ಬೆವರು. ಮಾತ್ರೆ ನನ್ನ ಚೀಲದಲ್ಲಿತ್ತು. ನಾನು ಅವನ ಬೆನ್ನು ನೀವಿದೆ. "ತೇಗ್ಲಾ, ತೇಗು" ಅಂದೆ. ಚೀಲದೊಳಗೆ ಕೈ ಹಾಕಿದೆ, ತೆಗೆದೆ, ಮತ್ತೆ ಬೆನ್ನು ನೀವಿದೆ. ಮಾತ್ರೆ ಕೊಟ್ಟರೆ ನನ್ನ ಸುಳ್ಳು ಹೊರಬೀಳುತ್ತದೆ ಎಂದು ಯೋಚಿಸುತ್ತಾ ಬೆನ್ನು ನೀವುತ್ತಿದ್ದೆ. ಎಷ್ಟು ಹೊತ್ತೋ ಹೇಳಲಾರೆ. ಕ್ವಾರಿಯಲ್ಲಿ ಕಲ್ಲು ಒಡೆಯುವ ಸದ್ದು ಕೇಳುತ್ತಿತ್ತು.

ಕೊನೆಗೆ ಕೊಟ್ಟೆ. ಕೊಡುವಾಗಲೂ, "ಗ್ಯಾಸಿನ ಮಾತ್ರೆ ಕಣ್ಲಾ, ನಾಲ್ಗೆ ಕೆಳಗ್ ಮಡಿಕ" ಅಂದೆ.

ಕ್ವಾರಿಯಿಂದ ಬರುತ್ತಿದ್ದ ಟ್ರಾಕ್ಟರಿಗೆ ಅಡ್ಡ ನಿಂತೆ. ಅದರ ಟ್ರೈಲರಿನ ಜಲ್ಲಿಯ ಮೇಲೆ ನನ್ನ ಪಂಚೆ ಹಾಸಿ ಅವನನ್ನು ಮಲಗಿಸಿ ಕವಲಂದೆಗೆ, ಅಲ್ಲಿಂದ ಕಾರಿನಲ್ಲಿ ನಂಜನಗೂಡಿಗೆ, ಅಲ್ಲಿಂದ ಮೈಸೂರಿನ ಇನ್ನೊಂದು ಆಸ್ಪತ್ರೆಗೆ. ಆ ಓಡಾಟದಲ್ಲಿ ನನ್ನ ಎದೆಯೂ ಹಿಡಿಯಿತು. ನನ್ನನ್ನೂ ಮಲಗಿಸಿಕೊಂಡರು. ಗುರುಮಲ್ಲಮ್ಮ ಬಂದಾಗ ಗಂಡ ಒಂದು ಮಂಚದಲ್ಲಿ, ತಮ್ಮ ಒಂದು ಮಂಚದಲ್ಲಿ.

ಮಾದೇವನ ಜೀವ ಉಳಿಯಿತು. ಹೃದಯದ ಒಂದು ದೊಡ್ಡ ಭಾಗ ಸತ್ತುಹೋಗಿದೆ, ಆಪರೇಷನ್ನಿನಿಂದ ಪ್ರಯೋಜನವಿಲ್ಲ ಅಂದರು. ವಾರ ಕಳೆದ ಮೇಲೆ ಅವನ ತಲೆದಿಂಬಿನ ಹತ್ತಿರ ಕೂತು ಗುರುಮಲ್ಲಮ್ಮ ನನ್ನನ್ನು ಕೇಳಿದಳು. "ಪಾಸಿಟಿವ್ ಅಂದ್ರೆ ಒಳ್ಳೇದಲ್ವಂತೆ ಕಣ್ರೀ. ನರ್ಸಮ್ಮ ಏಳ್ತು. ನಿಮ್ಗೆ ಆ ಡಾಕ್ಟ್ರು ಏಳ್ಳಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಮಾದೇವ ಹೇಳಿದ. ಅವನ ದನಿ ಆಗಲೇ ಸಣ್ಣಗಾಗಿತ್ತು. "ಅಕ್ಕ, ಭಾವನ್ನ ಯಾಕ್ ಕೇಳ್ತಿಯೆ? ಪಾಪ, ಅವ್ರಿಗೇನ್ ಗೊತ್ತು. ನಮ್ಗೂ ಒಳ್ಳೇದು ಅಂತ್ಲೇ ಅನ್ನಿಸ್ಲಿಲ್ವಾ? ಗ್ಯಾಸ್ ಮಾತ್ರೆ ಅಂತ ಇಟ್ಕಂಡಿದ್ದ ಮಾತ್ರೇನೇ ನನ್ ಜೀವ ಉಳಿಸ್ತು."

ಅವಳು ನನ್ನನ್ನು ನೋಡಿ ಕಣ್ಣು ಒರೆಸಿಕೊಂಡಳು. ನಾನು ತಲೆ ತಗ್ಗಿಸಿದೆ. ಅದನ್ನು ಅವರು ತಿಳಿಯದವನ ನಾಚಿಕೆ ಅಂದುಕೊಂಡರು.

ನನಗೆ ಬೈಪಾಸ್ ಆಗಬೇಕೆಂದು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಗುರುಮಲ್ಲಮ್ಮ ಮಾದೇವನನ್ನು ಬಿಟ್ಟು ಬರುವ ಹಾಗಿರಲಿಲ್ಲ. "ಓಗ್ಬನ್ನಿ. ನಿಮ್ಗಾದ್ರೂ ಸರಿ ಮಾಡ್ತಾರಂತಲ್ಲ" ಅಂದಳು. ಆ 'ನಿಮ್ಗಾದ್ರೂ' ಎಂಬ ಮಾತು ದಾರಿಯುದ್ದಕ್ಕೂ ನನ್ನ ಪಕ್ಕದಲ್ಲೇ ಕೂತು ಬಂತು. ಇಲಾಖೆಯ ಒಬ್ಬ ಗೆಳೆಯ ಸೇರಿಸಿ, ರುಜು ಹಾಕಿ, ಕೆಲಸವಿದೆ ಎಂದು ಹೊರಟುಹೋದ.

ಅಲ್ಲಿ ಕಾಯುವ ಕೋಣೆಯಲ್ಲಿ ಬೆಂಚು ಸಾಲದೆ ಜನ ನೆಲದ ಮೇಲೆ ಕೂತಿದ್ದರು. ಪಕ್ಕದವರನ್ನು ಕೇಳಿದೆ, "ನಿಮ್ದೇನು?"

"ಗ್ಯಾಸ್ಟ್ರಿಕ್ ಅಂತಿದ್ರು" ಅಂದರು. ಅವರ ಪಕ್ಕದವರು, "ನಂದೂ ಅದೇಯ." ಹಿಂದಿನ ಬೆಂಚಿನ ಅಜ್ಜಿ, "ಇಲ್ಲಿರೋರೆಲ್ಲ ಗ್ಯಾಸ್ನೋರೇ ಕಣಪ್ಪ, ಒಂದು ಬೆಂಕಿಕಡ್ಡಿ ಗೀರುದ್ರೆ ಸಾಕು" ಅಂದಳು. ಇಡೀ ಬೆಂಚು ನಕ್ಕಿತು. ಭಯದಲ್ಲಿದ್ದವರ ನಗು ಬೇಗ ಹತ್ತಿಕೊಳ್ಳುತ್ತದೆ. ಆ ನಗುವಿನಲ್ಲಿ ಸ್ವಲ್ಪ ಹೊತ್ತು ನಾನೂ ಒಬ್ಬನಾಗಿದ್ದೆ.

ಆಪರೇಷನ್ ಆಯಿತು. ಅದರ ನೋವಿಗೆ ಹೆದರಬೇಡಿ, ಅದು ದಿನದಿನಕ್ಕೆ ಕಡಿಮೆಯಾಗುತ್ತದೆ. ಕೆಮ್ಮು ಬಂದಾಗ ದಿಂಬನ್ನು ಎದೆಗೆ ಅವುಚಿಕೊಳ್ಳಬೇಕು. ಮೂರು ಪ್ಲಾಸ್ಟಿಕ್ ಗುಂಡಿರುವ ಒಂದು ಡಬ್ಬಿ ಕೊಟ್ಟು ಉಸಿರು ಎಳೆದು ಗುಂಡು ಮೇಲೇರಿಸಿ ಅನ್ನುತ್ತಾರೆ. ಮೊದಲು ಒಂದೂ ಏಳುವುದಿಲ್ಲ. ಪಕ್ಕದ ಮಂಚದವನ ಹೆಂಡತಿ ತನ್ನ ಗಂಡನಿಗೆ ಗಂಜಿ ಕುಡಿಸಿ, ಉಳಿದದ್ದನ್ನು ಕೇಳದೆಯೇ ನನ್ನ ಲೋಟಕ್ಕೆ ಬಗ್ಗಿಸುತ್ತಿದ್ದಳು. ನನ್ನ ಎರಡನೆಯ ಗುಂಡು ಎದ್ದ ದಿನ ಆ ಹೆಂಗಸು ಮೆಲ್ಲಗೆ ಚಪ್ಪಾಳೆ ತಟ್ಟಿದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಊರಿಗೆ ಬರುವಷ್ಟರಲ್ಲಿ ಪಂದ್ಯ ನಾವಿಲ್ಲದೆ ನಡೆದುಹೋಗಿತ್ತು. ಮಾದೇವನನ್ನು ಗುರುಮಲ್ಲಮ್ಮ ನಮ್ಮ ಮನೆಗೇ ಕರೆತಂದಿದ್ದಳು. ಹೆಮ್ಮಿಗೆಯ ತೋಟವನ್ನು ಬೇರೆಯವರಿಗೆ ವಾರಕ್ಕೆ, ಬೆಳೆಯಲ್ಲಿ ಪಾಲಿನ ಲೆಕ್ಕಕ್ಕೆ, ಕೊಟ್ಟಾಯಿತು. ನಾನು ದಿನದಿನಕ್ಕೆ ಗಟ್ಟಿಯಾದೆ. ಅವನಿಗೆ ಬಾಗಿಲಿನಿಂದ ಜಗುಲಿಗೆ ಬರುವಷ್ಟರಲ್ಲಿ ಏದುಸಿರು, ಕಾಲು ಊತ. ಅವನಿಗೆ ನೀರು ಕಾಯಿಸಿ, ಬೆನ್ನು ಉಜ್ಜಿ ಸ್ನಾನ ಮಾಡಿಸುವ ಕೆಲಸವನ್ನು ನಾನೇ ಕೇಳಿ ಪಡೆದೆ. "ಈ ಕಾಲದಲ್ಲಿ ಯಾವ ಭಾವ ಇಂಗೆ ನೋಡ್ಕತನೆ" ಎನ್ನುತ್ತಿದ್ದರು ಬೀದಿಯವರು.

ಜಗುಲಿಗೆ ಯಾರು ಬಂದರೂ ಮಾದೇವ ಆ ಕತೆ ಹೇಳುತ್ತಿದ್ದ. "ಡಾಕ್ಟ್ರು ಪಾಸಿಟಿವ್ ಅಂದವ್ರೆ. ನಮ್ ಭಾವ ಬಾಳ ಸಂತೋಷ ಸಾ ಅಂದ್ಬುಟ್ಟು ಬಂದವ್ರೆ." ಅಷ್ಟು ಭಾಗವನ್ನು ನಾನೇ ಹೇಳಿದ್ದೆ. ಡಾಕ್ಟರು ಕನ್ನಡಕ ತೆಗೆದದ್ದು ಅವನಿಗೆ ಗೊತ್ತಿರಲಿಲ್ಲ. ಬಂದವರು ನಗುತ್ತಿದ್ದರು. ಮಾದೇವ ಉಸಿರು ಸಾಲದೆ ನಿಲ್ಲಿಸಿ ನಿಲ್ಲಿಸಿ ನಗುತ್ತಿದ್ದ. ನಾನೂ ನಗುತ್ತಿದ್ದೆ. ಇವತ್ತು ಹೇಳುತ್ತೇನೆ ಎಂದು ಸ್ನಾನದ ನೀರು ತೋಡುವಾಗ ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವನ ಬೆನ್ನು ನೀವುವಾಗ ಆ ಗುಡ್ಡದ ಮೇಲೆ ನೀವಿದ್ದು ನೆನಪಾಗಿ ಬಾಯಿ ಕಟ್ಟುತ್ತಿತ್ತು. ಹೀಗೆ ಕೆಲವು ವರ್ಷ ನಡೆಯಿತು. ಒಂದು ಬೆಳಗ್ಗೆ ಕಾಫಿ ಕೊಡಲು ಹೋದರೆ ಅವನಲ್ಲಿ ಉಸಿರು ಇರಲಿಲ್ಲ.

ಅವನು ಹೋದ ಮೇಲೆ ಆ ಕತೆಯನ್ನು ಗುರುಮಲ್ಲಮ್ಮ ಹೇಳತೊಡಗಿದಳು. ತಮ್ಮನನ್ನು ನೆನೆಯಲು ಅವಳಿಗೆ ಅದೊಂದು ದಾರಿ. ಮೊನ್ನೆ ಪಕ್ಕದ ಮನೆಯವಳಿಗೆ ಹೇಳಿ ನಗುತ್ತಾ ಒಳಗೆ ಬಂದಾಗ ನನಗೆ ತಡೆಯಲಾಗಲಿಲ್ಲ.

"ನಂಗ್ ಗೊತ್ತಿತ್ತು ಕಣೇ."

"ಏನು?"

"ಪಾಸಿಟಿವ್ ಅಂದ್ರೆ ಏನು ಅಂತ. ಡಾಕ್ಟ್ರು ಅವತ್ತೇ ಬುಡಿಸಿ ಏಳಿದ್ರು. ಮಾತ್ರೆ ಯಾವ್ದು ಅಂತ್ಲೂ ಗೊತ್ತಿತ್ತು." ಗುಡ್ಡದ ಮೇಲೆ ತಡ ಮಾಡಿದ್ದನ್ನೂ ಹೇಳಿದೆ.

ಅವಳು ಕೂತಳು. ಆಮೇಲೆ, "ಅವ್ನಿಗೆ ಏಳಿದ್ರಾ?" ಅಂದಳು.

"ಇಲ್ಲ."

"ಅವ್ನಿಗ್ ಏಳ್ದೆ, ಈಗ ನಂಗ್ಯಾಕ್ ಏಳುದ್ರಿ? ನಾನೊಬ್ಳೇ ಇದ ಮಡಿಕಂಡು ಏನ್ ಮಾಡ್ಲಿ?"

ಅವಳು ಎದ್ದು ಮುದ್ದೆ ಕಟ್ಟಿದಳು, ಬಡಿಸಿದಳು. ಪಕ್ಕದಲ್ಲಿ ಕೂರಲಿಲ್ಲ. ಅವಳೊಬ್ಬಳೇ ಅದನ್ನು ಇಟ್ಟುಕೊಳ್ಳಬಾರದು ಎಂದು ಇದನ್ನು ಬರೆಯಲು ಕೂತೆ. ಬರೆದಷ್ಟನ್ನು ನಿನ್ನೆ ಅವಳಿಗೆ ಓದಿ ಹೇಳಿದೆ. ಗೋಡೆಗೆ ಒರಗಿ ಕೇಳಿಸಿಕೊಂಡಳು. ಸರಿ ಎಂದೂ ಅನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ.

"ಮಾದೇವ ಮಾದೇವ ಅಂತ ಬರ್ದಿದ್ದೀರಿ. ಅದು ಮನೇಲಿ ನಾವು ಕರೀತಿದ್ದದ್ದು. ನಾಕು ಜನ ಓದೋ ಕಡೆ ಅವ್ನ ಎಸ್ರ ಪೂರ್ತಿ ಬರೀರಿ" ಅಂದಳು.

ಅವನ ಹೆಸರು ಮಹದೇವಸ್ವಾಮಿ. ಹೆಮ್ಮಿಗೆಯವನು. ನಾನು ಹೇಳಿದ್ದನ್ನು ನಂಬಿದ.